ಜೈವಿಕ ಔಷಧಿ ಹೊಡೆದರೂ ಹುಳ ಸಾಯಲಿಲ್ವಾ? ಮೊದಲು ಇದನ್ನು ಓದಿ

ಮಧ್ಯಾಹ್ನದ ಬಿಸಿಲಲ್ಲಿ ಹೊಡೆದಿರುತ್ತೀರಿ, ಮರುದಿನ ನೋಡಿದರೆ ಹುಳ ಆರಾಮಾಗಿ ಎಲೆಯ ಮೇಲೇ ಇರುತ್ತದೆ. ಇದೆಲ್ಲ ಸುಮ್ನೆ ಅಂತ ಬೇಜಾರಾಗುತ್ತದೆ, ಅಲ್ವಾ? ಪ್ಯಾಕೆಟ್‌ನಲ್ಲಿರುವುದು ಹೆಚ್ಚಾಗಿ ಜೀವ ಇರುವ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ. ಬಿಸಿಲಿಗೆ ಹುಳಕ್ಕಿಂತ ಮೊದಲು ಅದೇ ಸಾಯುತ್ತದೆ.

ಕೊಳ್ಳುವಾಗಲೇ ಅವಧಿ ಮುಗಿಯುವ ದಿನ ಮತ್ತು ಒಂದು ಗ್ರಾಂಗೆ ಎಷ್ಟು ಸಿಎಫ್‌ಯು (ಬೆಳೆಯಬಲ್ಲ ಜೀವಾಣುಗಳ ಲೆಕ್ಕ) ಅಂತ ನೋಡಿ. ಅಂಗಡಿಯವರು ಬಿಸಿಲಲ್ಲಿ ಇಟ್ಟಿದ್ದರೆ ತರಲೇಬೇಡಿ.

ಬೇರು ಕೊಳೆ, ಸೊರಗು ರೋಗಕ್ಕೆ ಟ್ರೈಕೋಡರ್ಮಾ ಅನ್ನೋ ಉಪಕಾರಿ ಶಿಲೀಂಧ್ರ. ಇದನ್ನು ರೋಗ ಬರುವ ಮುಂಚೆಯೇ ಮಣ್ಣಿಗೆ ಸೇರಿಸಬೇಕು, ಸೊರಗಿದ ಗಿಡವನ್ನು ಇದು ಎಬ್ಬಿಸುವುದಿಲ್ಲ. ಪುಡಿಯನ್ನು ಹಾಗೇ ಎರಚುವುದಕ್ಕಿಂತ ಗೊಬ್ಬರದಲ್ಲಿ ಬೆಳೆಸಿ ಹಾಕುವುದು ಎಷ್ಟೋ ಮೇಲು. 100 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 1ರಿಂದ 2 ಕೆಜಿ ಪುಡಿ ಬೆರೆಸಿ, ನೀರು ಚಿಮುಕಿಸಿ. ಒಂದು ಹಿಡಿ ತಗೊಂಡು ಹಿಸುಕಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ನೆರಳಲ್ಲಿ ಗುಡ್ಡೆ ಮಾಡಿ, ಒದ್ದೆ ಗೋಣಿಚೀಲ ಹೊದಿಸಿ, ಮೂರ್ನಾಲ್ಕು ದಿನಕ್ಕೊಮ್ಮೆ ಮಗುಚಿ ಹಾಕಿ. 10ರಿಂದ 15 ದಿನಕ್ಕೆ ಮೇಲೆಲ್ಲ ಬಿಳಿ, ಹಸಿರು ಬೂಷ್ಟು ಹಬ್ಬಿರುತ್ತದೆ. ಆಗ ತೇವ ಇರುವ ಮಣ್ಣಿಗೆ ಹಾಕಿ. ಬೀಜಕ್ಕೂ ಲೇಪಿಸಬಹುದು, ಅಳತೆ ಪ್ಯಾಕೆಟ್ ಮೇಲೆ ಇರುತ್ತದೆ, ಆದರೆ ಕಾರ್ಬೆಂಡಜಿಂನಂಥ ಶಿಲೀಂಧ್ರನಾಶಕ ಹಚ್ಚಿದ ಬೀಜಕ್ಕೆ ಬೇಡ.

ಇನ್ನು ಹುಳಗಳ ವಿಷಯ. ಬಿಟಿ ಅನ್ನೋದು ಬ್ಯಾಕ್ಟೀರಿಯಾ, ಅದರ ಪುಡಿ ಹುಳದ ಹೊಟ್ಟೆಗೆ ಹೋಗಲೇಬೇಕು, ಅದಕ್ಕೇ ಎಲೆ ತಿನ್ನುವ ಸಣ್ಣ ಮರಿಹುಳ ಇದ್ದಾಗ ಹೊಡೆಯಬೇಕು. ತಿಂದ ಕೆಲವು ಗಂಟೆಗಳಲ್ಲಿ ಕರುಳು ಕೆಟ್ಟು ಮೇಯುವುದನ್ನು ಬಿಡುತ್ತದೆ, ಸಾಯೋದಕ್ಕೆ ಎರಡು ಮೂರು ದಿನ ಬೇಕು. ಹಾಗಾಗಿ ಸತ್ತ ಹುಳ ಎಣಿಸಬೇಡಿ, ಹೊಸ ಎಲೆಯಲ್ಲಿ ತೂತು ಬೀಳೋದು ನಿಂತಿದೆಯಾ ನೋಡಿ. ಬ್ಯುವೇರಿಯಾ ಅನ್ನೋ ಶಿಲೀಂಧ್ರ ಇನ್ನೂ ನಿಧಾನ. ಅದರ ಬೀಜಕಣ ಹುಳದ ಮೈಗೆ ಅಂಟಿ, ಮೊಳೆತು, ಚರ್ಮ ಕೊರೆದು ಒಳಗೆ ಹೋಗಬೇಕು, ಗಾಳಿಯಲ್ಲಿ ತೇವ ಇಲ್ಲದಿದ್ದರೆ ಮೊಳೆಯುವುದೇ ಇಲ್ಲ. ಸತ್ತ ಹುಳದ ಮೈಮೇಲೆ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ ಬಂದಿದ್ದರೆ ಕೆಲಸ ಆಗಿದೆ ಅಂತಲೇ. ಎನ್‌ಪಿವಿ ಅನ್ನೋದು ವೈರಸ್, ಒಂದೊಂದು ಹುಳಕ್ಕೆ ಒಂದೊಂದು. ಕಾಯಿಕೊರಕದ್ದನ್ನು ತಂದು ಎಲೆ ತಿನ್ನುವ ಸ್ಪೊಡಾಪ್ಟೆರಾಕ್ಕೆ ಹೊಡೆದರೆ ದುಡ್ಡು ದಂಡ.

ಯಾವುದೇ ಆಗಲಿ, ಬಿಸಿಲು ಇಳಿದ ಮೇಲೆ, ಸಂಜೆ ಹೊತ್ತು, ಎಲೆಯ ಅಡಿಭಾಗ ನೆನೆಯುವಂತೆ ಹೊಡೆಯಿರಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಕಲಸಿದ್ದನ್ನು ಅವತ್ತೇ ಮುಗಿಸಿ. ಪಂಪಿನಲ್ಲಿ ಮೊದಲು ರಾಸಾಯನಿಕ ಹೊಡೆದಿದ್ದರೆ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ತಾಮ್ರದ ಔಷಧಿ, ಶಿಲೀಂಧ್ರನಾಶಕಗಳ ಜೊತೆ ಬೆರೆಸಲೇಬೇಡಿ, ಎರಡರ ನಡುವೆ ಕನಿಷ್ಠ ಒಂದು ವಾರ ಬಿಡಿ. ಜಾಸ್ತಿ ಜನ ಎಡವುವುದು ಇಲ್ಲೇ: ಎರಡು ಸಲ ಹೊಡೆಯೋ ಶ್ರಮ ಯಾಕೆ ಅಂತ ಎಲ್ಲವನ್ನೂ ಒಂದೇ ಟ್ಯಾಂಕಿಗೆ ಸುರಿಯುತ್ತಾರೆ.

ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಮಾತ್ರ ಬಿಟಿಯನ್ನೂ ಬ್ಯುವೇರಿಯಾವನ್ನೂ ಮರೆತುಬಿಡಿ. ರೇಷ್ಮೆ ಹುಳವೂ ಹುಳವೇ, ಎರಡಕ್ಕೂ ಸಾಯುತ್ತದೆ.