ಮೂರು ಚುಕ್ಕಿ ಕಂಡೊಡನೆ ಅಭಾಗಲಬ್ಧ ಎನ್ನಬೇಡಿ

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕಳೆದ ವಾರ ಒಬ್ಬ ಹುಡುಗಿ 1ನ್ನು 17ರಿಂದ ಭಾಗಿಸಿ ಕ್ಯಾಲ್ಕುಲೇಟರ್ ಮುಂದೆ ಹಿಡಿದಳು: 0.0588235294. "ಎಲ್ಲೂ ರಿಪೀಟ್ ಆಗವಲ್ದ್ರಿ ಸರ್, ಇದು ಅಭಾಗಲಬ್ಧ ಅಲ್ಲೇನ್ರಿ?" ಅಲ್ಲ. ಪೂರ್ಣಾಂಕವನ್ನು ಸೊನ್ನೆಯಲ್ಲದ ಪೂರ್ಣಾಂಕದಿಂದ ಭಾಗಿಸಿ ಬಂದದ್ದು ಯಾವಾಗಲೂ ಭಾಗಲಬ್ಧವೇ. ಹಾಗೆ ಬರೆಯಲು ಬಾರದ ಸಂಖ್ಯೆ ಮಾತ್ರ ಅಭಾಗಲಬ್ಧ.

ಮೊದಲು, ದಶಮಾಂಶ ಎಲ್ಲಾದರೂ ನಿಲ್ಲುತ್ತದೆಯೇ ನೋಡಿ. ನಿಂತರೆ ಭಾಗಲಬ್ಧ. 0.0875 ಅಂದರೆ 875/10000, ಸಂಕ್ಷೇಪಿಸಿದರೆ 7/80. 3.14 ಕೂಡ ಭಾಗಲಬ್ಧ, 314/100. ಅದು ಪೈ ಅಲ್ಲ, ಪೈಗೆ ಹತ್ತಿರದ ಬೆಲೆ. 22/7 ಕೂಡ ಅಷ್ಟೇ: ಅದು 3.142857…, ಪೈ 3.14159…, ಮೂರನೇ ಸ್ಥಾನದಲ್ಲೇ ದಾರಿ ಬೇರೆಯಾಗುತ್ತದೆ. ಒಂದು ಪುಟದಲ್ಲಿ 'ಪೈ = 22/7' ಎಂದು ಅಚ್ಚು ಹಾಕಿ, ಮುಂದಿನ ಪುಟದಲ್ಲಿ ಪೈ ಅಭಾಗಲಬ್ಧ ಎನ್ನುವ ಗೈಡೊಂದು ನನ್ನ ಮೇಜಿನ ಮೇಲಿದೆ. ಅಂಥದ್ದನ್ನು ಮಕ್ಕಳ ಕೈಗೆ ಕೊಡಬೇಡಿ.

ಎರಡನೆಯದು, ನಿಲ್ಲದಿದ್ದರೆ ಏನು? ಎಲ್ಲರೂ ಎಡವುವುದು ಇಲ್ಲಿಯೇ. ಅಂಕಿಗಳ ಒಂದೇ ಗುಂಪು ಅದೇ ಕ್ರಮದಲ್ಲಿ ಕೊನೆಯಿಲ್ಲದೆ ತಿರುಗಿ ಬಂದರೆ ಅದು ಆವರ್ತ ದಶಮಾಂಶ, ಭಾಗಲಬ್ಧ. ಕ್ಯಾಲ್ಕುಲೇಟರ್ ಬದಿಗಿಟ್ಟು 1ನ್ನು 7ರಿಂದ ಕೈಯಲ್ಲೇ ಭಾಗಿಸಿ. ಪ್ರತಿ ಸಲದ ಶೇಷವನ್ನು ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆಯುತ್ತ ಹೋಗಿ: 3, 2, 6, 4, 5, 1. ಹೊರಟ 1ಕ್ಕೇ ಮರಳಿದೆವು. ಇನ್ನು 142857 ಬಿಟ್ಟು ಬೇರೇನೂ ಬರುವಂತಿಲ್ಲ. ಸೊನ್ನೆ ಬಿಟ್ಟರೆ 7ಕ್ಕೆ ಆರೇ ಶೇಷ, 17ಕ್ಕೆ ಹದಿನಾರು. ಆ ಹುಡುಗಿಯ ಭಾಗಾಕಾರ ತಿರುಗಲು ಪೂರಾ ಹದಿನಾರು ಅಂಕಿ ಬೇಕು, 0588235294117647. ಪರದೆಯಲ್ಲಿದ್ದದ್ದು ಹತ್ತೇ. ಪುಟದ ತುದಿಯವರೆಗೂ ಭಾಗಿಸಿದ ಆಕೆ, ಶೇಷ 1 ಬಂದಾಗ ಅದಕ್ಕೆ ಸುತ್ತು ಹಾಕಿದಳು.

ಆವರ್ತವನ್ನು ಭಿನ್ನರಾಶಿ ಮಾಡುವಾಗ 'ಕೆಳಗೆ 99 ಹಾಕು' ಎಂಬ ಅಡ್ಡದಾರಿ 0.1212…ಕ್ಕೆ ಸರಿ, 12/99. ಆದರೆ 0.2353535…ರಲ್ಲಿ ಕೈಕೊಡುತ್ತದೆ, ಏಕೆಂದರೆ 2 ತಿರುಗಿ ಬರುವುದಿಲ್ಲ. ಇದರ 1000 ಪಟ್ಟು 235.3535…, 10 ಪಟ್ಟು 2.3535…. ಕಳೆದರೆ 990 ಪಟ್ಟಿಗೆ 233 ಉಳಿಯುತ್ತದೆ. ಉತ್ತರ 233/990. ನಾನಂತೂ ಅಡ್ಡದಾರಿ ಕಲಿಸುವುದೇ ಇಲ್ಲ.

ಇನ್ನೊಂದು, ಕ್ರಮ ಇದ್ದ ಮಾತ್ರಕ್ಕೆ ಆವರ್ತವಾಗದು. 0.101001000100001… ನೋಡಿ. ಮುಂದಿನ ಅಂಕಿ ಯಾವುದೆಂದು ಆರನೇ ತರಗತಿಯ ಮಗುವೂ ಹೇಳೀತು. ಆದರೆ ಸೊನ್ನೆಗಳು ಪ್ರತಿ ಸಲ ಒಂದು ಹೆಚ್ಚುತ್ತವೆ. ಹತ್ತು ಅಂಕಿಯ ಗುಂಪು ತಿರುಗುತ್ತಿದೆ ಎಂದೇ ಇಟ್ಟುಕೊಳ್ಳಿ. ಮುಂದೆ ಇಪ್ಪತ್ತು ಸೊನ್ನೆ ಸಾಲಾಗಿ ಬರುವ ಜಾಗದಲ್ಲಿ ಆ ಗುಂಪು ಬರೀ ಸೊನ್ನೆಯಾಗಿರಬೇಕಾಗುತ್ತದೆ. ಅದರಾಚೆ ಮತ್ತೆ 1 ಬಂದೇ ಬರುತ್ತದೆ. ಗುಂಪು ಎಷ್ಟೇ ದೊಡ್ಡದಿರಲಿ, ಇದೇ ಗತಿ. ಹಾಗಾಗಿ ಅದು ಅಭಾಗಲಬ್ಧ.

ನಾಲ್ಕಾರು ಅಂಕಿ ಬರೆದು ಚುಕ್ಕಿಯಿಟ್ಟು, ನಿಯಮ ಹೇಳದೆ ಕೇಳಿದರೆ ಆ ಪ್ರಶ್ನೆಯೇ ತಪ್ಪು. ಸಂಖ್ಯೆ ಎಲ್ಲಿಂದ ಬಂತೆಂದು ಕೇಳಿ. ವರ್ಗಮೂಲದಿಂದ ಬಂದಿದ್ದರೆ ಒಳಗಿನದನ್ನು ಭಿನ್ನರಾಶಿ ಮಾಡಿ ಸಂಕ್ಷೇಪಿಸಿ. ಅಂಶ, ಛೇದ ಎರಡೂ ಪೂರ್ಣವರ್ಗವಾದರೆ ಮಾತ್ರ ಭಾಗಲಬ್ಧ. √2.25 ಅಂದರೆ √(9/4), ಅಂದರೆ 1.5. √0.4 ಕಂಡರೆ 0.2 ಎಂದು ಬರೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. 0.2ರ ವರ್ಗ 0.04. 0.4 ಅಂದರೆ 2/5, ಎರಡೂ ಪೂರ್ಣವರ್ಗವಲ್ಲ. 0.6324555… ಎಂದು ಹೊರಟ ಆ ಸಂಖ್ಯೆಯಲ್ಲಿ ಎಷ್ಟು ದೂರ ಹೋದರೂ ಆವರ್ತ ಸಿಗುವುದಿಲ್ಲ.