ಕನ್ನಡ ಫೈಲ್ ಗಜಿಬಿಜಿಯಾಗಿ ಕಂಡರೆ ಸೇವ್ ಒತ್ತಬೇಡಿ

ಬೀದರ್‌ನ ಚೌಬಾರಾ ಹತ್ತಿರ ನಮ್ಮದು ಡಿಟಿಪಿ ಅಂಗಡಿ. ಗಿರಾಕಿ ತರುವ ಒಂದೇ ಪೆನ್‌ಡ್ರೈವ್‌ನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇರುತ್ತವೆ. "ಫೈಲ್ ಖರಾಬ್ ಆಗ್ಯಾದ್ರಿ" ಅಂತ ಬಂದವರಿಗೆ ನಾನು ಹೇಳುವ ಮೊದಲ ಮಾತು: ಸೇವ್ ಒತ್ತಬೇಡಿ. ಬಹಳ ಸಲ ಫೈಲ್ ಚೆನ್ನಾಗಿಯೇ ಇರುತ್ತದೆ, ಓದುವ ರೀತಿ ಮಾತ್ರ ತಪ್ಪಿರುತ್ತದೆ.

ಕಂಪ್ಯೂಟರ್ ಇಟ್ಟುಕೊಳ್ಳುವುದು ಅಕ್ಷರವನ್ನಲ್ಲ, ಬೈಟ್‌ಗಳನ್ನು. ಒಂದು ಬೈಟ್ ಅಂದರೆ 0ರಿಂದ 255ರೊಳಗಿನ ಒಂದು ಸಂಖ್ಯೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡಕ್ಕೆ ಸಾಲದು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿಯೇ ಯೂನಿಕೋಡ್. ಅದು 'ಕ' ಅಕ್ಷರಕ್ಕೆ ಕೊಟ್ಟ ಸಂಖ್ಯೆ 3221. ಇದನ್ನು ಬೈಟ್ ಮಾಡುವ ಪದ್ಧತಿಗಳಲ್ಲಿ ಈಗ ಎಲ್ಲೆಡೆ ನಡೆಯುವುದು ಯುಟಿಎಫ್-8. ಕೆನ್ ಥಾಂಪ್ಸನ್, ರಾಬ್ ಪೈಕ್ 1992ರಲ್ಲಿ ರೂಪಿಸಿದ್ದು.

ಲೆಕ್ಕ ನೀವೇ ಮಾಡಿ ನೋಡಿ. 3221ನ್ನು 64ರಿಂದ ಭಾಗಿಸಿ. 50 ಸಲ ಹೋಗಿ 21 ಉಳಿಯುತ್ತದೆ. ಎರಡಕ್ಕೂ 128 ಕೂಡಿಸಿದರೆ 178, 149. ಮುಂದೆ 224 ಇಡಿ. 'ಕ' ಅಂದರೆ 224, 178, 149. ಆ 224 ನೋಡಿದ ಕೂಡಲೇ ಕಂಪ್ಯೂಟರ್‌ಗೆ ಇದು ಮೂರು ಬೈಟಿನ ಅಕ್ಷರ ಅಂತ ತಿಳಿಯುತ್ತದೆ. ಎಷ್ಟು ಅಚ್ಚುಕಟ್ಟು ಅಲ್ವಾ!

ಈಗ ನೋಟ್‌ಪ್ಯಾಡ್ ತೆರೆದು 'ಬೀದರ್' ಅಂತಷ್ಟೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಎಂಟರ್ ಒತ್ತದೆ ಯುಟಿಎಫ್-8ನಲ್ಲಿ ಸೇವ್ ಮಾಡಿ. ಪ್ರಾಪರ್ಟೀಸ್ ನೋಡಿದರೆ ಸೈಜ್ 15 ಬೈಟ್ ಇರುತ್ತದೆ. ಕಣ್ಣಿಗೆ ಕಾಣುವುದು ಮೂರು ಅಕ್ಷರ. ಒಳಗಿರುವುದು ಐದು: ಬ, ದೀರ್ಘದ ಗುಣಿತ, ದ, ರ, ಕೊನೆಯ ಅರ್ಧಾಕ್ಷರದ ಚಿಹ್ನೆ. ಐದು ಮೂರಲಿ ಹದಿನೈದು. 18 ತೋರಿಸಿದರೂ ಗಾಬರಿ ಬೇಡ. ಫೈಲಿನ ತಲೆಗೆ ಗುರುತಿಗೆಂದು 239, 187, 191 ಎಂಬ ಮೂರು ಬೈಟ್ ಸೇರಿವೆ, ಅಷ್ಟೇ. ಮರಾಠಿ ಅಕ್ಷರಕ್ಕೂ ಮೂರೇ ಬೈಟ್, ಉರ್ದುವಿಗೆ ಎರಡು.

ಇನ್ನು ಕೆಟ್ಟು ಕಾಣುವ ಫೈಲ್. ಪರದೆಯನ್ನು ಸರಿಯಾಗಿ ನೋಡಿ. ತಲೆಯ ಮೇಲೆ ಗೀಟಿರುವ ಇಂಗ್ಲಿಷಿನ ಸಣ್ಣ 'ಎ', ಪಕ್ಕದಲ್ಲಿ ಮೇಲಕ್ಕೇರಿದ ಪುಟ್ಟ 2 ಅಥವಾ 3 ಪದೇ ಪದೇ ಬರುತ್ತಿವೆಯಾ? ಖುಷಿಪಡಿ. ಒಂದು ಬೈಟಿಗೆ ಒಂದು ಅಕ್ಷರ ಅಂತ ಓದುವ ಹಳೆಯ ವಿಂಡೋಸ್ ಪಟ್ಟಿಯಲ್ಲಿ 224 ಅಂದರೆ ಆ 'ಎ', 178 ಪುಟ್ಟ 2, 179 ಪುಟ್ಟ 3. ನಿಮ್ಮ ಕನ್ನಡ ಪೂರ್ತಿ ಅಲ್ಲೇ ಇದೆ. ಎಕ್ಸೆಲ್‌ನಲ್ಲಿ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಮಾಹಿತಿಯ) ಫೈಲಿಗೆ ಡಬಲ್ ಕ್ಲಿಕ್ ಮಾಡಿದಾಗ ಇದು ಜಾಸ್ತಿ. ಆ ಫೈಲ್ ಮುಚ್ಚಿ. ಖಾಲಿ ಹಾಳೆಯಲ್ಲಿ ಡೇಟಾ ಮೆನುಗೆ ಹೋಗಿ, ಟೆಕ್ಸ್ಟ್/ಸಿಎಸ್‌ವಿ ಆಯ್ಕೆಯಿಂದ ಫೈಲ್ ತನ್ನಿ. ಫೈಲ್ ಒರಿಜಿನ್ ಅಂತ ಇರುವಲ್ಲಿ 65001 ಯುಟಿಎಫ್-8 ಆರಿಸಿ. ಕನ್ನಡ ವಾಪಸ್ ಬರುತ್ತದೆ.

ಬರೀ ಚೌಕಗಳು ಕಂಡರೆ ಫಾಂಟ್ ಇಲ್ಲ ಅಂತ. ಫಾಂಟ್ ಹಾಕಿಕೊಳ್ಳಿ, ಮುಗಿಯಿತು.

ಬರೀ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಂತಿದ್ದರೆ ನನಗೂ ಹೊಟ್ಟೆ ಚುರುಕ್ ಅನ್ನುತ್ತದೆ. ಯಾರೋ ಅದನ್ನು ಆನ್ಸಿ ಅಂತ, ಅಂದರೆ ಕನ್ನಡವೇ ಇಲ್ಲದ ಆ ಹಳೆಯ ವಿಂಡೋಸ್ ಪಟ್ಟಿಯಲ್ಲಿ, ಸೇವ್ ಮಾಡಿದ್ದಾರೆ. ಕನ್ನಡದ ಬೈಟ್ ಹೋಗಿ ಪ್ರತಿ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆಯ ಸಂಖ್ಯೆ 63 ಕೂತಿದೆ. ಯಾವ ಸಾಫ್ಟ್‌ವೇರ್‌ಗೂ ಅದನ್ನು ಮರಳಿಸಲು ಆಗದು. ಮೂಲ ಪ್ರತಿ ಹುಡುಕಲೇಬೇಕು.

ಹಳೇ ನುಡಿ, ಬರಹ ಫಾಂಟ್‌ಗಳ ಫೈಲ್ ಬೇರೆಯದೇ ಕಥೆ. ಅಲ್ಲಿ ಬೈಟ್ ಇಂಗ್ಲಿಷಿನದು, ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಸುಮ್ನೆ ಫಾಂಟ್ ಬದಲಿಸಿದರೆ ಯೂನಿಕೋಡ್ ಆಗುವುದಿಲ್ಲ, ಕನ್ವರ್ಟರ್ ಬೇಕು. ಕನ್ವರ್ಟ್ ಆದಮೇಲೆ ಅರ್ಕಾವೊತ್ತಿನ ಪದಗಳನ್ನು ಒಂದೊಂದಾಗಿ ನೋಡಿ. ಹಳೇ ಫಾಂಟ್‌ನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಆ 'ರ' ಮೊದಲೇ ಬರಬೇಕು. ಅರ್ಜಿ, ಸರ್ಕಾರ, ಜೇವರ್ಗಿ ಇವು ಸರಿಯಾಗಿ ಬಂದಿದ್ದರೆ ಪ್ರಿಂಟ್‌ಗೆ ಕಳಿಸಿ.