ಪೆನ್ಸಿಲ್‌ಗೆ ಮುಂಚೆ ಅವರೆಕಾಳು

ಪ್ರತಿ ಜೂನ್‌ನಲ್ಲೂ ಇದನ್ನು ನೋಡುತ್ತೇನೆ. ಮೂರೂವರೆ ವರ್ಷದ ಮಗು. ಕೈಯಲ್ಲಿ ಉದ್ದನೆಯ ಹೊಸ ಪೆನ್ಸಿಲ್, ಮುಂದೆ ನಾಲ್ಕು ಗೆರೆ ಪುಸ್ತಕ. ಹಿಂದೆ ಕೂತ ಅಮ್ಮ ಮಗುವಿನ ಮುಷ್ಟಿ ಹಿಡಿದು ‘ಅ’ ತಿದ್ದಿಸುತ್ತಿರುತ್ತಾರೆ. ಮಗುವಿನ ಕಣ್ಣು ಕಿಟಕಿಯ ಕಡೆ. ಪುಟ ತುಂಬುತ್ತದೆ, ಆದರೆ ಬರೆದದ್ದು ಅಮ್ಮ.

ಶಿಶುವಿಹಾರದಲ್ಲಿ ಹದಿನಾರು ವರ್ಷದಿಂದ ಇರುವ ನನಗೆ ಅಮ್ಮಂದಿರ ಆತುರ ಅರ್ಥವಾಗುತ್ತದೆ. ಪಕ್ಕದ ಮನೆಯ ಮಗು ಆಗಲೇ ಹೆಸರು ಬರೆಯುತ್ತದೆ, ಶಾಲೆಯವರು ಹೋಂವರ್ಕ್ ಕೊಟ್ಟಿದ್ದಾರೆ. ಆದರೂ ಸ್ವಲ್ಪ ತಡೆಯಿರಿ. ಅಕ್ಷರ ಆಮೇಲೆ ಬೇಕಾದಷ್ಟು ಬರುತ್ತದೆ. ಪೆನ್ಸಿಲ್ ಹಿಡಿಯುವ ರೀತಿ ಒಮ್ಮೆ ತಪ್ಪಾಗಿ ಕೂತರೆ, ಆರೇಳು ವರ್ಷದ ಮೇಲೆ ಬದಲಾಯಿಸುವುದು ತುಂಬಾ ಕಷ್ಟ.

1. ಮೊದಲು ಕೈ

ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಮೂಳೆಯೇ ಆಗಿರುವುದಿಲ್ಲ, ಮೆದು ಎಲುಬು ಅಷ್ಟೇ. ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗಿ, ಕೊನೆಯದು ಗಟ್ಟಿಯಾಗುವಾಗ ಮಗುವಿಗೆ ಎಂಟು ವರ್ಷ ದಾಟಿರುತ್ತದೆ. ಮೂರು ವರ್ಷದ ಕೈಗೆ ನಾಲ್ಕು ಗೆರೆಯ ನಡುವೆ ಬರೆ ಅನ್ನುವುದು ಜಾಸ್ತಿ ಆಯಿತು ಅಲ್ವಾ?

ಈ ವಯಸ್ಸಿಗೆ ಒಳ್ಳೆಯ ಕೆಲಸ ಅಡುಗೆಮನೆಯಲ್ಲೇ ಇದೆ. ಚಳಿಗಾಲದಲ್ಲಿ ಹಿತಕಿದವರೆ ಮಾಡುತ್ತೀರಲ್ಲ, ಆಗ ನೆನೆಸಿದ ಕಾಳಿನ ಒಂದು ಬಟ್ಟಲು ಮಗುವಿನ ಮುಂದಿಡಿ. ಹೆಬ್ಬೆರಳು, ತೋರುಬೆರಳ ನಡುವೆ ಕಾಳು ಇಟ್ಟು ಒತ್ತಬೇಕು. ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ, ಬೇಳೆ ಚಿಮ್ಮಿ ಹಾರುತ್ತದೆ. ಕಳೆದ ಡಿಸೆಂಬರ್‌ನಲ್ಲಿ ನಮ್ಮ ಒಬ್ಬ ಹುಡುಗಿ ಇಪ್ಪತ್ತು ನಿಮಿಷ ಎದ್ದೇ ಇರಲಿಲ್ಲ. ‘ಮಿಸ್, ಇದು ಬಾಗಿಲ ತನಕ ಹೋಯ್ತು!’ ಅಂತ ಒಂದೊಂದು ಬೇಳೆಯ ಲೆಕ್ಕ ಕೊಡುತ್ತಿದ್ದಳು. ಪೆನ್ಸಿಲ್‌ಗೆ ಬೇಕಾದ ಹಿಡಿತವೂ ಅದೇ.

ಅವರೆ ಕಾಲ ಅಲ್ಲದಿದ್ದರೆ ಬಟಾಣಿ ಸುಲಿಯಲಿ, ಕೊತ್ತಂಬರಿ ಸೊಪ್ಪು ಬಿಡಿಸಲಿ, ಒಣಗಿದ ಬಟ್ಟೆಯ ಕ್ಲಿಪ್ ತೆಗೆಯಲಿ. ರಂಗೋಲಿ ಪುಡಿಯಲ್ಲಿ ಚುಕ್ಕಿ ಇಡುವುದಂತೂ ಬಹಳ ಒಳ್ಳೆಯದು, ಚಿಟಿಕೆ ಬಿಗಿಯಾಗಿದ್ದರೆ ಮಾತ್ರ ಚುಕ್ಕಿ ಸರಿಯಾಗಿ ಬೀಳುತ್ತದೆ. ಅಂಗಡಿಯ ಬಣ್ಣದ ಮಣ್ಣಿಗಿಂತ ಚಪಾತಿ ಹಿಟ್ಟಿನ ಉಂಡೆ ನನಗೆ ಇಷ್ಟ. ಕಾಳಿನ ವಿಷಯದಲ್ಲಿ ಮಾತ್ರ ಪಕ್ಕದಲ್ಲೇ ಕೂತಿರಿ. ಮಕ್ಕಳು ಅದನ್ನು ಮೂಗಿಗೂ ಕಿವಿಗೂ ಹಾಕಿಕೊಳ್ಳುತ್ತಾರೆ.

2. ಗೆರೆ, ಸೊನ್ನೆ

ಒಂದು ಚೆಂಬು ನೀರು, ಹಳೆಯ ಬ್ರಷ್, ಕಾಂಪೌಂಡ್ ಗೋಡೆ. ಇಷ್ಟು ಸಾಕು. ಗೋಡೆಯ ಮೇಲೆ ಗೀಚುವಾಗ ಮಣಿಕಟ್ಟು ತಾನಾಗಿಯೇ ಸರಿಯಾಗಿ ಹಿಂದಕ್ಕೆ ಬಾಗುತ್ತದೆ, ಭುಜವೂ ಗಟ್ಟಿಯಾಗುತ್ತದೆ. ಎರಡು ವರ್ಷದ ಹೊತ್ತಿಗೆ ಉದ್ದ ಗೆರೆ, ಮೂರಕ್ಕೆ ಸೊನ್ನೆ, ನಾಲ್ಕಕ್ಕೆ ಕೂಡು ಗುರುತು, ಐದು ದಾಟುವಾಗ ತ್ರಿಕೋನ. ಸಾಮಾನ್ಯವಾಗಿ ಈ ಸಾಲಿನಲ್ಲೇ ಬರುತ್ತವೆ. ಸೊನ್ನೆಯನ್ನು ಎರಡೂ ಕಡೆಗೆ ಸುತ್ತಿಸಿ. ಕನ್ನಡ ಅಕ್ಷರಗಳು ಎಡಕ್ಕೂ ಸುತ್ತುತ್ತವೆ, ಬಲಕ್ಕೂ ಸುತ್ತುತ್ತವೆ.

3. ಹಿಡಿತ: ಎಲ್ಲರೂ ಎಡವುವ ಜಾಗ

ಮೂರು ವರ್ಷದ ಮಗು ಮುಷ್ಟಿಯಲ್ಲಿ ಹಿಡಿದರೆ ಬಿಡಿ, ಅದು ಸಹಜ. ಮೂರೂವರೆ, ನಾಲ್ಕರ ಹೊತ್ತಿಗೆ ಮೂರು ಬೆರಳು ಮುಂದೆ ಬರುತ್ತವೆ, ಆದರೆ ಇಡೀ ಕೈ ಒಟ್ಟಿಗೆ ಚಲಿಸುತ್ತದೆ. ಬೆರಳು ಮಾತ್ರ ಚಲಿಸುವುದು ಐದು, ಆರರಲ್ಲಿ. ಕಲಿಸಬೇಕಾದ ಕಾಲ ಈ ನಡುವಿನದು.

ಮೊದಲನೆಯದಾಗಿ, ಉದ್ದ ಪೆನ್ಸಿಲ್ ಎತ್ತಿಡಿ. ಕ್ರೇಯಾನನ್ನು ಒಂದು ಇಂಚಿಗೆ ಮುರಿಯಿರಿ. ಹೊಸದನ್ನು ಮುರಿಯಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಮುರಿಯಿರಿ. ಉದ್ದ ಕಡ್ಡಿಯಲ್ಲಿ ಮುಷ್ಟಿಗೆ ಜಾಗ ಸಿಗುತ್ತದೆ. ಇಂಚಿನ ತುಂಡಿನಲ್ಲಿ ಸಿಗುವುದಿಲ್ಲ, ಮೂರು ಬೆರಳಲ್ಲೇ ಹಿಡಿಯಬೇಕು. ನಮ್ಮಲ್ಲಿ ನಾಲ್ಕು ವರ್ಷ ತುಂಬುವವರೆಗೆ ಸ್ಲೇಟು, ಬಳಪದ ತುಂಡು ಮಾತ್ರ. ಕಲ್ಲಿನ ಸ್ಲೇಟಿನ ಮೇಲೆ ಬಳಪ ಉಜ್ಜುವಾಗ ಗೆರೆ ಎತ್ತ ಹೋಗುತ್ತಿದೆ ಅಂತ ಬೆರಳಿಗೇ ತಿಳಿಯುತ್ತದೆ. ನುಣುಪಾದ ಪ್ಲಾಸ್ಟಿಕ್ ಸ್ಲೇಟು, ಮಾರ್ಕರ್ ಬೋರ್ಡು ತರಬೇಡಿ. ಅಲ್ಲಿ ಕೈ ಸುಮ್ನೆ ಜಾರಿಕೊಂಡು ಹೋಗುತ್ತದೆ.

ಎರಡನೆಯದು, ಕಿರುಬೆರಳು ಮತ್ತು ಉಂಗುರ ಬೆರಳಿಗೆ ಒಂದು ಕೆಲಸ ಕೊಡಿ. ಒಂದು ಸಣ್ಣ ಹತ್ತಿಯುಂಡೆಯನ್ನು ಆ ಎರಡು ಬೆರಳಲ್ಲಿ ಮಡಚಿ ಹಿಡಿದುಕೊಳ್ಳಲಿ. ‘ಬೀಳಿಸಬಾರದು ಪುಟ್ಟಾ, ಅದು ನಿದ್ದೆ ಮಾಡ್ತಿದೆ’ ಅಂದರೆ ಸಾಕು, ಐದು ನಿಮಿಷ ಜೋಪಾನ ಮಾಡುತ್ತಾರೆ. ಆಗ ಉಳಿದ ಮೂರು ಬೆರಳು ಬರೆಯಲು ಬಿಡುವಾಗುತ್ತವೆ.

ಮೂರನೆಯದು ಪೆನ್ಸಿಲ್ ಮಗುಚುವುದು. ಪೆನ್ಸಿಲನ್ನು ಮೇಜಿನ ಮೇಲೆ ಮೊನೆ ಮಗುವಿನ ಕಡೆ ಇರುವಂತೆ ಇಡಿ. ಬಣ್ಣ ಮುಗಿದು ಮರ ಕಾಣುತ್ತದಲ್ಲ, ಅದಕ್ಕಿಂತ ತುಸು ಮೇಲೆ ಹೆಬ್ಬೆರಳು, ತೋರುಬೆರಳಿಂದ ಚಿಟಿಕೆ ಹಿಡಿದು ಎತ್ತಲಿ. ಈಗ ಪೆನ್ಸಿಲ್‌ನ ಬಾಲ ಆಚೆ ಇರುತ್ತದೆ. ಇನ್ನೊಂದು ಕೈಯಿಂದ ಆ ಬಾಲವನ್ನು ತನ್ನ ಕಡೆ ತಳ್ಳಲಿ. ಪೆನ್ಸಿಲ್ ಗಿರ್ರನೆ ತಿರುಗಿ ಹೆಬ್ಬೆರಳು, ತೋರುಬೆರಳ ಸಂದಿನಲ್ಲಿ ಒರಗಿಕೊಳ್ಳುತ್ತದೆ. ನಡುಬೆರಳು ಕೆಳಗೆ ದಿಂಬಿನ ಹಾಗೆ. ನಾಲ್ಕೈದು ದಿನ ಆಟದಂತೆ ಮಾಡಿಸಿದರೆ ಹೇಳಿಕೊಡದೆಯೇ ತಿರುಗಿಸಲು ಶುರುಮಾಡುತ್ತಾರೆ.

ಆಮೇಲೆ ಕೈ ನೋಡಿ. ಹೆಬ್ಬೆರಳು, ತೋರುಬೆರಳ ನಡುವೆ ಸೊನ್ನೆಯಂಥ ಜಾಗ ಕಾಣಬೇಕು. ಹೆಬ್ಬೆರಳು ತೋರುಬೆರಳ ಮೇಲೆ ಹತ್ತಿ ಕೂತಿದ್ದರೆ ಮತ್ತೆ ಮಗುಚಿಸಿ. ಉಗುರು ಬೆಳ್ಳಗಾಗಿದ್ದರೆ ಒತ್ತುವುದು ಜಾಸ್ತಿ. ಅಂಥ ಮಗುವಿಗೆ 2ಬಿ ಪೆನ್ಸಿಲ್ ಕೊಡಿ, ಹಗುರವಾಗಿ ಎಳೆದರೂ ಕಪ್ಪಾಗಿ ಮೂಡುತ್ತದೆ. ಮೂರರ ಬದಲು ನಾಲ್ಕು ಬೆರಳಲ್ಲಿ ಹಿಡಿದು ಆರಾಮಾಗಿ ಬರೆಯುವ ಮಕ್ಕಳೂ ಇದ್ದಾರೆ. ಅವರನ್ನು ತಿದ್ದಲು ಹೋಗಬೇಡಿ.

ಪೆನ್ಸಿಲ್‌ಗೆ ತೊಡಿಸುವ ರಬ್ಬರ್ ಹಿಡಿಗಳು ಸಿಗುತ್ತವೆ. ನಾನೂ ಒಂದು ವರ್ಷ ತಂದು ನೋಡಿದೆ. ತೆಗೆದ ದಿನವೇ ಮುಷ್ಟಿ ವಾಪಸ್ ಬಂತು. ಅಕ್ಷರದ ಗುಳಿ ಇರುವ, ಶಾಯಿ ಮಾಯವಾಗುವ ಪುಸ್ತಕಗಳೂ ಈಗ ಎಲ್ಲರ ಮನೆಯಲ್ಲಿವೆ. ಗುಳಿ ಎಳೆದ ಕಡೆ ಪೆನ್ನು ಹೋಗುತ್ತದೆ. ತಿರುವು ಎಲ್ಲಿ ಅಂತ ಮಗು ಯೋಚಿಸುವುದೇ ಇಲ್ಲ. ಆ ದುಡ್ಡಿಗೆ ನಾಲ್ಕು ಸ್ಲೇಟು ಬರುತ್ತದೆ.

ಎಡಗೈಯಲ್ಲಿ ಬರೆಯುವ ಮಗುವನ್ನು ದಯವಿಟ್ಟು ಬಲಗೈಗೆ ತಿರುಗಿಸಬೇಡಿ. ಅಜ್ಜಿ, ತಾತ ಬೇಸರ ಮಾಡಿಕೊಂಡರೂ ಸರಿ. ಹಾಳೆಯ ಮೇಲ್ತುದಿಯನ್ನು ಸ್ವಲ್ಪ ಬಲಕ್ಕೆ ವಾಲಿಸಿ, ಪೆನ್ಸಿಲನ್ನು ತುಸು ಮೇಲೆ ಹಿಡಿಸಿ. ಬರೆದದ್ದು ಕೈಗೆ ಮರೆಯಾಗುವುದಿಲ್ಲ.

4. ಅಕ್ಷರ

ಶೃಂಗೇರಿಯಲ್ಲೋ ಮನೆಯಲ್ಲೋ ಅಕ್ಷರಾಭ್ಯಾಸ ಮಾಡಿಸುವಾಗ ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳಿಂದ ಬರೆಸುತ್ತೇವೆ. ಅದನ್ನು ಒಂದೇ ದಿನಕ್ಕೆ ನಿಲ್ಲಿಸಬೇಡಿ. ದೊಡ್ಡ ತಟ್ಟೆಯಲ್ಲಿ ರವೆ ಅಥವಾ ಮರಳು ಹರಡಿ. ನೀವು ನಿಧಾನವಾಗಿ ಬರೆದು ತೋರಿಸಿ, ಅಳಿಸಿ, ಮಗು ತಾನೇ ಬರೆಯಲಿ.

‘ಅ’ದಿಂದ ಶುರು ಮಾಡಬೇಡಿ. ಮೊದಲ ಕೈಗೆ ಅದು ಸುತ್ತು ಜಾಸ್ತಿ ಇರುವ ಅಕ್ಷರ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ರ, ಗ, ಸ, ದ, ಅ ಅಂತಲೇ ಕಲಿಯುತ್ತಾರೆ. ಸೊನ್ನೆ ಬಂದ ಮಗುವಿಗೆ ‘ರ’ ದೂರವಿಲ್ಲ, ಮೇಲೊಂದು ತಲೆಕಟ್ಟು ಸಾಕು. ‘ರ’, ‘ಗ’, ‘ಸ’ ಬರುತ್ತಿದ್ದಂತೆ ‘ಸರ’, ‘ಗರಗಸ’ ಓದಬಹುದು. ಬರೆದದ್ದು ಒಂದು ಪದ ಆಯಿತು ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕು.

ಗೆರೆ ಇಲ್ಲದ ಹಾಳೆ ಕೊಡಿ. ದಿನಕ್ಕೆ ಹತ್ತು ನಿಮಿಷ ಸಾಕು, ಬೇಡ ಅಂದರೆ ನಿಲ್ಲಿಸಿ. ಪಾದ ನೆಲಕ್ಕೆ ತಾಗುವಂತೆ ಕೂರಿಸಿ. ಕುರ್ಚಿ ಎತ್ತರವಾದರೆ ಕಾಲ ಕೆಳಗೆ ಮಣೆ ಇಡಿ. ಚುಕ್ಕಿ ಅಕ್ಷರ ತಿದ್ದಿಸುವುದಾದರೆ ಎರಡೋ ಮೂರೋ, ಪುಟಗಟ್ಟಲೆ ಬೇಡ. ಐದೂವರೆಯ ಮೇಲೂ ಸೊನ್ನೆ ಬರದಿದ್ದರೆ, ಗುಂಡಿ ಹಾಕಲು, ಚಮಚ ಹಿಡಿಯಲು ಕೂಡ ಕಷ್ಟಪಡುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ರಬ್ಬರನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕೈಗೆ ಕೊಟ್ಟರೆ ಬರೆಯುವುದಕ್ಕಿಂತ ಅಳಿಸುವುದೇ ಹೆಚ್ಚಾಗಿ ಹಾಳೆ ಹರಿಯುತ್ತದೆ. ಮೆಂಡರ್ ಮಾತ್ರ ಮಗುವಿಗೇ ಕೊಡಿ, ಪಕ್ಕದಲ್ಲಿ ನೀವಿರಿ. ಒಂದು ಕೈಯಲ್ಲಿ ಮೆಂಡರ್ ಅಲ್ಲಾಡದಂತೆ ಹಿಡಿದು, ಇನ್ನೊಂದು ಕೈಯ ಮೂರೇ ಬೆರಳಲ್ಲಿ ಪೆನ್ಸಿಲ್ ತಿರುಗಿಸಬೇಕು. ನಮ್ಮಲ್ಲಿ ಮಕ್ಕಳು ಹೂವಿನ ಹಾಗೆ ಬರುವ ಆ ಸಿಪ್ಪೆಯನ್ನು ಮುರಿಯದೆ ತೆಗೆದು, ಹಾಳೆಗೆ ಅಂಟಿಸಿ, ಕೆಳಗೊಂದು ಕಾಂಡ, ಎರಡು ಎಲೆ ಬರೆಯುತ್ತಾರೆ.